ನಡುಗಲ್ಲಿನ ಮೇಲೆ ಇಟ್ಟ ಪೆಟ್ಟಿಗೆ

ನಮ್ಮ ಊರಿನಲ್ಲಿ ತೆಂಗಿನಕಾಯಿಯನ್ನು ಬರಿನೆಲದ ಮೇಲೆ ಯಾರೂ ಇಡುವುದಿಲ್ಲ. ಸಿಂಬೆ ಸುತ್ತಿ ಅದರ ಮೇಲೆ ಇಡುತ್ತೇವೆ. ಕೊಡವೂ ಹಾಗೆಯೇ, ದುಂಡಗಿರುವುದು ಯಾವುದಾದರೂ ಹಾಗೆಯೇ. ಸುತ್ತ ಉಪ್ಪುನೀರು, ನಡುವೆ ನಾವು. ಮೂಡಣ ದಂಡೆಯಿಂದ ಪಡುವಣ ದಂಡೆಗೆ ನಡೆದರೆ ಬಾಯೊಳಗಿನ ಎಲೆಯಡಿಕೆ ಕವಳ ಮುಗಿಯುವಷ್ಟು ದೂರ. ಮೂಡಣದಲ್ಲಿ ಜನ ಹೆಚ್ಚಾದರೆ ದ್ವೀಪ ಮೂಡಣಕ್ಕೆ ವಾಲುತ್ತದೆ, ಪಡುವಣದಲ್ಲಿ ಹೆಚ್ಚಾದರೆ ಪಡುವಣಕ್ಕೆ. ಒಂದು ಆಳಿಗೆ ಅರ್ಧ ಬೆರಳು ಎಂದು ಹಿಂದಿನವರ ಲೆಕ್ಕ. ನನ್ನ ಅಜ್ಜಿಯ ಕಾಲದಲ್ಲಿ ಯಾರದೋ ಮದುವೆಯ ಊಟಕ್ಕೆಂದು ಮೂಡಣದ ನಲವತ್ತು ಗಂಡಸರು ಹಿಂದುಮುಂದು ನೋಡದೆ ಆಚೆ ಹೋದರಂತೆ. ಪಡುವಣದ ಕೆಳಸಾಲಿನ ಮನೆಗಳಲ್ಲಿ ಒಲೆ ತೇಲಿತಂತೆ. ಎಲೆಯ ಮುಂದೆ ಕೂತವರು ಮೊಣಕಾಲ ನೀರಿನಲ್ಲಿ ಪಾಯಸ ಉಂಡು ಎದ್ದರಂತೆ. ಅದರ ಮೇಲೆ ಯಾರೂ ಹಾಗೆ ಹೋಗಿಲ್ಲ.

ಆದ್ದರಿಂದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಆಚೆ ದಂಡೆಯಲ್ಲಿ ಒಬ್ಬ ಎದುರು ಇರುತ್ತಾನೆ. ಹೆಂಗಸಾದರೆ ಎದುರಿ ಎನ್ನುತ್ತೇವೆ. ನನ್ನ ಎದುರಿ ಬೀರಮ್ಮ. ನಾನು ಮೂಡಣದಲ್ಲಿ ಹುಟ್ಟಿದ ದಿನ ಪಡುವಣದಲ್ಲಿ ಒಂದು ಮರಳಿನ ಮೂಟೆ ಇಟ್ಟರು. ನಾನು ಹಾಲು ಕುಡಿದು ಬೆಳೆದ ಹಾಗೆ ಅದಕ್ಕೆ ಹಿಡಿ ಹಿಡಿ ಮರಳು ಸೇರಿಸುತ್ತ ಬಂದರು. ನಾಲ್ಕು ತಿಂಗಳಿಗೆ ಅವಳು ಹುಟ್ಟಿದಳು, ಮೂಟೆಯನ್ನು ನೀರಿಗೆ ಸುರಿದರು. ಮೂಟೆ ಇಡುವುದು ಹುಟ್ಟಿದವರಿಗೆ ಮತ್ತು ಸತ್ತವರಿಗೆ ಮಾತ್ರ. ಜೀವ ಇರುವವರ ಬದಲಿಗೆ ಮೂಟೆ ಇಟ್ಟರೆ ಅವರನ್ನು ಮುಂಚೆಯೇ ಕಳಿಸಿಕೊಟ್ಟ ಹಾಗೆ. ನಲವತ್ತರ ಮೇಲೆ ಬೀರಮ್ಮ ದಪ್ಪಗಾದಳು, ನಾನು ಒಣಕಲಾಗಿಯೇ ಉಳಿದೆ. ಊರಿನವರು ಬಂದು ನಮ್ಮ ಅಂಗಳದಲ್ಲಿ ಒಂದು ಬೀಸುಕಲ್ಲು ಇಟ್ಟು ಹೋದರು. ಅವಳು ಉಂಡದ್ದಕ್ಕೆ ನಮ್ಮ ಮನೆಗೆ ಕಲ್ಲು ಬಂತು ಎಂದು ನನ್ನ ಗಂಡ ಸಾಯುವವರೆಗೂ ನಗುತ್ತಿದ್ದರು.

ಪಡುವಣದಲ್ಲಿ ಸಿಹಿನೀರಿನ ಬಾವಿ ಇದೆ, ಮೂಡಣದಲ್ಲಿ ಶಾಲೆ ಮತ್ತು ಲಾಂಚು ನಿಲ್ಲುವ ಕಟ್ಟೆ. ಆಚೆಯವರಿಗೆ ಈಚೆ, ಈಚೆಯವರಿಗೆ ಆಚೆ ಕೆಲಸ ಇದ್ದೇ ಇರುತ್ತದೆ. ನಾನು ಹೊರಟರೆ ಬೀರಮ್ಮನೂ ಹೊರಡಬೇಕು. ಇಬ್ಬರೂ ಒಂದೇ ಹೊತ್ತಿಗೆ ನಡೆದು, ದಿಬ್ಬದ ಮೇಲಿನ ನಡುಗಲ್ಲಿನ ಹತ್ತಿರ ಸಿಕ್ಕಿ, ನಾಲ್ಕು ಮಾತಾಡಿ, ಅವಳು ನಮ್ಮ ಮನೆಗೆ, ನಾನು ಅವಳ ಮನೆಗೆ. ಅವಳು ನನಗೆಂದು ಮುಚ್ಚಿಟ್ಟ ಏಡಿ ಸಾರು, ಕುಚ್ಚಿಗೆ ಅನ್ನ ನಾನು ಉಣ್ಣುತ್ತಿದ್ದೆ. ನಾನು ಅವಳಿಗೆಂದು ಇಟ್ಟ ಬಂಗಡೆ ಅವಳು ಅಲ್ಲಿ ಉಣ್ಣುತ್ತಿದ್ದಳು. ಅವಳ ಮನೆಯ ಯಾವ ಹೆಂಚು ಸೋರುತ್ತದೆ, ಉಪ್ಪಿನ ಮರಿಗೆ ಎಲ್ಲಿದೆ, ಹಿಂಬಾಗಿಲ ಅಗುಳಿಯನ್ನು ಹೇಗೆ ಮೇಲೆತ್ತಿ ಎಳೆಯಬೇಕು, ಎಲ್ಲವೂ ನನಗೆ ಗೊತ್ತು. ಅವಳು ಮಾತ್ರ ಆ ಮನೆಯಲ್ಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಒಮ್ಮೆ ಇಬ್ಬರೂ ಒಂದೇ ಲಾಂಚಿನಲ್ಲಿ ದೊಡ್ಡ ದಡಕ್ಕೆ ಹೋಗಿದ್ದೆವು. ನೀರಿನ ಮೇಲೆ ಯಾರಿಗೆ ಯಾರೂ ಎದುರಲ್ಲ. ಅಲ್ಲಿನ ನೆಲ ಕದಲುವುದೇ ಇಲ್ಲ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಇಬ್ಬರಿಗೂ ತಲೆ ಸುತ್ತಿ ವಾಂತಿ ಬಂತು. ಹೋಟೆಲಿನಲ್ಲಿ ಎದುರುಬದರು ಕೂತು ಚಾ ಕುಡಿದೆವು. "ಇದು ಯಾರ್ದೋ ಮನೆ. ಇಲ್ಲಿ ಮಾತು ಬರೂದಿಲ್ಲ ಮಾರಾಯ್ತಿ" ಅಂದಳು ಬೀರಮ್ಮ. ನನಗೂ ಬರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಮೊಣಕಾಲು ಹೋಯಿತು. ಕಣ್ಣಿಗೂ ಪೊರೆ ಬಂತು. ಮನೆಯಿಂದ ಬಾವಿಗೆ ಬರುವುದೇ ಕಷ್ಟ, ದಿಬ್ಬ ಹತ್ತುವುದು ದೂರದ ಮಾತು. ಅವಳು ಹೊರಡದ ಮೇಲೆ ನಾನೂ ಹೊರಡುವ ಹಾಗಿರಲಿಲ್ಲ. ಎರಡು ವರ್ಷ ನಾನು ಪಡುವಣ ನೋಡಲಿಲ್ಲ. ನನ್ನ ಸೊಸೆ ಮಂಕಾಳಿ ಮತ್ತು ಅವಳ ಸೊಸೆ ತುಳ್ಸು ಒಬ್ಬರಿಗೊಬ್ಬರು ಎದುರಿಗಳು. ಅವರಿಬ್ಬರೂ ನಡುಗಲ್ಲಿನಲ್ಲಿ ಸಿಕ್ಕಿ ನಮ್ಮ ಮಾತುಗಳನ್ನು ಬುಟ್ಟಿ ಬದಲಾಯಿಸಿದ ಹಾಗೆ ಬದಲಾಯಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಅರ್ಧ ಮಾತು ಚೆಲ್ಲಿಹೋಗುತ್ತಿತ್ತು.

ಇನ್ನು ದೊಡ್ಡ ದಡದ ಸುದ್ದಿ ಹೇಳಬೇಕು. ಅವರ ಕಾಗದದಲ್ಲಿ ನಮ್ಮ ಹೆಸರು ಅಧೀನ ಪ್ರದೇಶ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಇದನ್ನು ಓದಿ ಹೇಳಿದವನು ದೋಣಿಯ ಹಮ್ಮಣ್ಣ. ಊರಿನ ಹಿರಿತನ ಅವನದು. ನಮ್ಮ ಮೀನಿಗೆ ಸುಂಕ ಎಷ್ಟು, ಶಾಲೆಗೆ ಮಾಸ್ತರರು ಬರುತ್ತಾರೋ ಇಲ್ಲವೋ, ಯಾವ ತಿಂಗಳು ಬಲೆ ಬೀಸಬಾರದು, ಎಲ್ಲವೂ ಅಲ್ಲಿ ತೀರ್ಮಾನವಾಗಿ ಲಾಂಚಿನಲ್ಲಿ ಬರುತ್ತಿತ್ತು. ಕಟ್ಟೆಯ ಗೋಡೆಗೆ ಕಾಗದ ಅಂಟಿಸಿ ಹೋಗುತ್ತಿದ್ದರು. ಉಪ್ಪುಗಾಳಿಗೆ ಅಂಟು ಒಣಗದೆ ಕಾಗದ ಸಂಜೆಗೆ ಉದುರುತ್ತಿತ್ತು, ನಾವು ಅದರಲ್ಲಿ ಒಣಮೀನು ಕಟ್ಟುತ್ತಿದ್ದೆವು. ನನಗೆ ಎಪ್ಪತ್ತೊಂಬತ್ತು. ಅಷ್ಟು ವರ್ಷದಲ್ಲಿ ನಿಮಗೆ ಏನು ಬೇಕು ಎಂದು ಯಾರೂ ಕೇಳಿದ್ದಿಲ್ಲ.

ಹೋದ ಸುಗ್ಗಿಯಲ್ಲಿ ಕೇಳಿದರು. ನಾಡಿಗ ಸಾಹೇಬರು ಎಂಬವರು ಒಂದು ತಗಡಿನ ಪೆಟ್ಟಿಗೆ ಹಿಡಿದು ಲಾಂಚಿನಿಂದ ಇಳಿದರು. ಒಳ್ಳೆ ಗಾತ್ರದ ಆಸಾಮಿ. ಅವರು ಕಟ್ಟೆಯ ಮೇಲೆ ಕಾಲಿಟ್ಟದ್ದೇ ಪಡುವಣದ ನಾಯಿಗಳೆಲ್ಲ ಎದ್ದು ನಿಂತವಂತೆ. ಪರವೂರಿನವರಿಗೆ ಎದುರು ಇರುವುದಿಲ್ಲ; ಅವರ ತೂಕಕ್ಕೆ ಒಂದು ಎಮ್ಮೆಕರು ಗೊತ್ತುಮಾಡಿದೆವು. ಸಾಹೇಬರು ಎತ್ತ ಹೋದರೂ ತುಳ್ಸು ಕರುವನ್ನು ಅದರ ವಿರುದ್ಧ ದಿಕ್ಕಿಗೆ ಎಳೆದುಕೊಂಡು ಹೋಗುತ್ತಿದ್ದಳು, ಮಂಕಾಳಿ ತುಳ್ಸುವಿನ ವಿರುದ್ಧ ದಿಕ್ಕಿಗೆ. "ಸಾಹೇಬ್ರು ಒಂದು ಜಾಗದಲ್ಲಿ ಕೂತ್ಕಳೂದಿಲ್ಲ, ನಮ್ಮ ಒಲೆ ಹೊತ್ತೂದಿಲ್ಲ" ಎಂದು ಇಬ್ಬರೂ ಗೊಣಗುತ್ತಿದ್ದರು.

ಸಾಹೇಬರು ಶಾಲೆಯ ಜಗಲಿಯಲ್ಲಿ ಕೂತು ತಿಳಿಸಿ ಹೇಳಿದರು. ಚೀಟಿಯಲ್ಲಿ ಎರಡು ಚಿತ್ರ ಇರುತ್ತದೆ, ಒಂದು ಕಂಬ, ಒಂದು ದೋಣಿ. ಕಂಬಕ್ಕೆ ಮುದ್ರೆ ಒತ್ತಿದರೆ ನಾವು ದೊಡ್ಡ ದಡಕ್ಕೆ ಸೇರುತ್ತೇವೆ. ದ್ವೀಪದ ಸುತ್ತ ನಲವತ್ತು ಕಬ್ಬಿಣದ ಕಂಬ ಇಳಿಸಿ ಇದನ್ನು ಅಲ್ಲಾಡದ ಹಾಗೆ ನಿಲ್ಲಿಸುತ್ತಾರೆ, ಸೇತುವೆ ಬರುತ್ತದೆ, ಆಸ್ಪತ್ರೆ ಬರುತ್ತದೆ, ಅವರ ಸಭೆಯಲ್ಲಿ ನಮ್ಮವರೊಬ್ಬರಿಗೆ ಕುರ್ಚಿ ಸಿಗುತ್ತದೆ. ದೋಣಿಗೆ ಒತ್ತಿದರೆ ನಾವು ಸ್ವಂತ. ಸುಂಕ ಇಲ್ಲ, ಕಾಗದ ಇಲ್ಲ; ಲಾಂಚು ಮಾತ್ರ ಹದಿನೈದು ದಿನಕ್ಕೊಮ್ಮೆ, ಮಾಸ್ತರರನ್ನು ನಾವೇ ಹುಡುಕಿಕೊಳ್ಳಬೇಕು. "ಯಾವುದು ಒಳ್ಳೆಯದು ಅಂತ ನಾನು ಹೇಳಬಾರದು. ಅದು ನಿಮಗೆ ಬಿಟ್ಟದ್ದು" ಅಂದರು. ಮನುಷ್ಯ ಒಳ್ಳೆಯವರು. ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಮೂರು ಮೂರು ಸಲ ಹೇಳಿದರು.

ಊರು ಎರಡಾಯಿತು. ಮೂಡಣ ಪಡುವಣ ಎಂದಲ್ಲ, ಮನೆ ಮನೆಯಲ್ಲಿ ಎರಡಾಯಿತು. ನಮ್ಮ ಮಂಕಾಳಿ ಕಂಬದ ಕಡೆ. ಚೊಚ್ಚಲ ಹೆರಿಗೆಗೆ ಅವಳನ್ನು ದೊಡ್ಡ ದಡಕ್ಕೆ ಒಯ್ಯುವಾಗ ಲಾಂಚಿನಲ್ಲೇ ಕೂಸು ಹುಟ್ಟಿ, ಆಸ್ಪತ್ರೆ ಕಾಣುವ ಮುಂಚೆ ಹೋಗಿತ್ತು. "ಅತ್ತೆ, ನೀವು ದೋಣಿ ದೋಣಿ ಅಂತ್ರಿ. ನಂಗೆ ದೋಣಿ ಅಂದ್ರೆ ಎಂತ ನೆನಪಾಗ್ತದೆ ಗೊತ್ತೈತಾ?" ಅಂದಳು. ಆದರೂ ನಾನು ದೋಣಿಯ ಕಡೆಯೇ. ವಾಲುವುದು ಚಂದ ಎಂದಲ್ಲ. ಈಗ ನಾನು ಒಂದು ಹೆಜ್ಜೆ ಇಟ್ಟರೆ ಆಚೆ ದಂಡೆಯಲ್ಲಿ ಯಾರದೋ ಬಟ್ಟಲಿನ ನೀರು ಅಲುಗುತ್ತದೆ. ನಾನು ಇದ್ದೇನೆ ಎಂದು ಯಾರಿಗೋ ತಿಳಿಯುತ್ತದೆ. ಕಂಬ ಇಳಿದ ಮೇಲೆ ನಾನು ಇದ್ದರೂ ನೆಲಕ್ಕೆ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳುವ ಅಭ್ಯಾಸ ನನಗಿಲ್ಲ.

ಬೀರಮ್ಮನ ಮಾತು ಬುಟ್ಟಿಯಲ್ಲಿ ಬಂತು. ಅವಳು ಕಂಬದ ಕಡೆ. ಯಾಕೆ ಎಂದು ಮಂಕಾಳಿಯನ್ನು ಕೇಳಿದರೆ, "ಅದೆಂತದೋ ಹೇಳಿದ್ರಂತೆ, ತುಳ್ಸುಗೆ ನೆನಪಿಲ್ಲಂತೆ" ಅಂದಳು.

ತಕರಾರು ಹುಟ್ಟಿದ್ದು ಪೆಟ್ಟಿಗೆಯಿಂದ. ಒಂದು ಊರಿಗೆ ಒಂದೇ ಪೆಟ್ಟಿಗೆ, ಅದು ಶಾಲೆಯಲ್ಲಿ ಇರತಕ್ಕದ್ದು, ಎಲ್ಲರೂ ಸಾಲಾಗಿ ನಿಲ್ಲತಕ್ಕದ್ದು ಎಂದು ಸಾಹೇಬರ ಕಾಗದದಲ್ಲಿ ಬರೆದಿತ್ತು. ಶಾಲೆ ಇರುವುದು ಮೂಡಣದ ನೀರಿನ ಅಂಚಿಗೆ. ಹಮ್ಮಣ್ಣ ನಕ್ಕುಬಿಟ್ಟ. "ಸಾಹೇಬ್ರೆ, ಪಡುವಣದ ನೂರು ಜನ ಇಲ್ಲಿ ಬಂದು ಸಾಲು ನಿಂತ್ರೆ ನಿಮ್ಮ ಪೆಟ್ಟಿಗೆಗೆ ಚೀಟಿ ಹಾಕೂದು ಮೀನು."

"ಹಾಗಾದರೆ ಎರಡು ದಿನ ಮಾಡೋಣ. ಒಂದು ದಿನ ಈ ಕಡೆಯವರು, ಒಂದು ದಿನ ಆ ಕಡೆಯವರು."

"ಆ ಕಡೆಯವ್ರು ಬಂದ ದಿನ ಈ ಕಡೆಯವ್ರು ಆ ಕಡೆ ಹೋಗ್ಬೇಕಲ್ಲ. ಅಲ್ಲಿ ಎಂತ ಮಾಡೂದು, ಬಾವಿ ನೋಡ್ತಾ ಕೂತ್ಕಳೂದಾ?"

ಕೊನೆಗೆ ಪೆಟ್ಟಿಗೆಯನ್ನು ನಡುಗಲ್ಲಿನ ಮೇಲೆ ಇಡುವುದೆಂದಾಯಿತು. ಪೆಟ್ಟಿಗೆ ಸೂರಿನ ಕೆಳಗೆ ಇರಬೇಕೆಂದು ಕಾಗದದಲ್ಲಿ ಇತ್ತಂತೆ. ದಿಬ್ಬದ ಮೇಲೆ ಸೂರು ಎಲ್ಲಿಂದ ಬರಬೇಕು? ಹಮ್ಮಣ್ಣ ತನ್ನ ಹಳೆಯ ಪಾತಿ ದೋಣಿಯನ್ನು ಹೊರಿಸಿಕೊಂಡು ಬಂದು ನಾಲ್ಕು ಗೂಟದ ಮೇಲೆ ಬೋರಲು ಹಾಕಿದ. "ಇದು ದೋಣಿಯ ಪರ ಪ್ರಚಾರ ಆಗ್ತದೆ" ಎಂದು ಕಂಬದ ಕಡೆಯವರು ಗಲಾಟೆ ಮಾಡಿದರು. "ಅದು ನಿಂತಿರೂದು ಕಂಬದ ಮೇಲೇ ಅಲ್ದಾ?" ಅಂದ ಹಮ್ಮಣ್ಣ. ಸಾಹೇಬರು ಕೈ ಮುಗಿದು ಇಬ್ಬರನ್ನೂ ಸುಮ್ಮನಿರಿಸಿದರು.

ಕ್ರಮ ಹೀಗೆ: ಹಮ್ಮಣ್ಣ ಒಂದು ಸಲ ಶಂಖ ಊದಿದರೆ ಮೂಡಣದಿಂದ ಒಬ್ಬರು, ಪಡುವಣದಿಂದ ಅವರ ಎದುರು, ಇಬ್ಬರೂ ಹೊರಟು ನಡುಗಲ್ಲಿನಲ್ಲಿ ಸಿಕ್ಕಬೇಕು. ಒಬ್ಬರ ನಂತರ ಒಬ್ಬರು ದೋಣಿಯ ಕೆಳಗೆ ಹೋಗಿ ಮುದ್ರೆ ಒತ್ತಿ ಹಿಂದಕ್ಕೆ ಹೋಗಬೇಕು. ಇದನ್ನು ಕೇಳಿದ ಕೂಡಲೇ ನನಗೆ ಬೀರಮ್ಮನ ಮೊಣಕಾಲು ನೆನಪಾಯಿತು. ಅವಳು ಬರದಿದ್ದರೆ ನಾನೂ ಹೋಗುವ ಹಾಗಿಲ್ಲ.

ಊರಿನವರಿಗೆ ಅದು ದೊಡ್ಡ ಸಂಗತಿ ಅಲ್ಲ. "ನಿಂದು ದೋಣಿ, ಅವಳ್ದು ಕಂಬ. ಒಂದಕ್ಕೊಂದು ವಜಾ. ಇಬ್ರೂ ಮನೇಲಿ ಕೂತ್ರೆ ಎಂತ ನಷ್ಟ ಸೋಮಕ್ಕ?" ಅಂದ ಹಮ್ಮಣ್ಣ. ಲೆಕ್ಕ ಸರಿ ಇತ್ತು. ಆದರೆ ಎಪ್ಪತ್ತೊಂಬತ್ತು ವರ್ಷಕ್ಕೆ ಒಂದು ಸಲ ಕೇಳಿದ್ದಾರೆ. ಕೇಳಿದವರ ಮುಂದೆ ನಿಂತು ಉತ್ತರ ಹೇಳದೆ ಸತ್ತರೆ ನಾನು ಇಷ್ಟು ದಿನ ಈ ನೆಲದ ಮೇಲೆ ಬೀಸುಕಲ್ಲಿನ ಹಾಗೆ ಬರೀ ತೂಕಕ್ಕೆ ಇದ್ದೆ ಎಂದಾಗುತ್ತದೆ. ಬೀರಮ್ಮನಿಗೆ ಹೇಳಿ ಕಳಿಸಿದೆ: ನನಗೆ ಹೋಗಬೇಕು, ನೀನು ಹೇಗಾದರೂ ಹೊರಡು.

ಮರುದಿನ ಉತ್ತರ ಬಂತು. ಈ ಸಲ ತುಳ್ಸು ಒಂದು ಅಕ್ಷರವನ್ನೂ ಚೆಲ್ಲಿರಲಿಲ್ಲ. "ಮೊಮ್ಮಕ್ಕಳು ಕುರ್ಚೀಲಿ ಹೊತ್ಕಂಡು ಹೋಗ್ತೇವೆ ಅಂತ್ರು. ಒಬ್ಳೇ ಕುರ್ಚೀಲಿ ಹೋದ್ರೆ ಹೆಣ ಹೋದಂಗೆ ಕಾಣ್ತದೆ. ಅವಳೂ ಕುರ್ಚೀಲಿ ಬರ್ತಾಳಾ ಕೇಳು. ಬಂದ್ರೆ ನಾನೂ ಬತ್ತೆ."

ನನ್ನ ಕಾಲು ಗಟ್ಟಿ ಇತ್ತು. ಆದರೂ ಕುರ್ಚಿಯಲ್ಲಿ ಕೂತೆ. ಅವಳನ್ನು ಹೊತ್ತ ಇಬ್ಬರ ಎದುರುಗಳು ನನ್ನನ್ನು ಹೊತ್ತರು. ಶಂಖ ಕೇಳಿಸಿತು. ದಾರಿಯುದ್ದಕ್ಕೂ ಹೆಂಗಸರು ಬಾಗಿಲಿಗೆ ಬಂದು ನಗುತ್ತಿದ್ದರು. "ಅಜ್ಜಿ, ಮದ್ವೆಗೆ ನಮ್ಮನ್ನ ಕರೀಲಿಲ್ವಲ್ಲ!" ಎಂದು ಒಬ್ಬಳು ಕೂಗಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ದಿಬ್ಬದ ಆ ಬದಿಯಿಂದ ಮೊದಲು ಒಂದು ಬಿಳಿ ತಲೆ, ಆಮೇಲೆ ಎರಡು ದಪ್ಪ ತೋಳು, ಆಮೇಲೆ ಇಡೀ ಬೀರಮ್ಮ ಮೇಲೆದ್ದು ಬಂದಳು. ಎರಡು ಕುರ್ಚಿಗಳನ್ನೂ ನಡುಗಲ್ಲಿನ ಹತ್ತಿರ ಇಳಿಸಿದರು. ಪಕ್ಕದಲ್ಲಿ ಸಾಹೇಬರ ಎಮ್ಮೆಕರು ಕಟ್ಟಿತ್ತು. ಸಾಹೇಬರು ನಡುವಿಗೆ ಬಂದ ಮೇಲೆ ಅದೂ ಬರಬೇಕಲ್ಲ.

ಬೀರಮ್ಮ ಕೈ ಚಾಚಿ ನನ್ನ ಮುಖ ಮುಟ್ಟಿದಳು. ಗಲ್ಲ, ಮೂಗು, ಕಿವಿ, ಎಲ್ಲ. "ಸಣ್ಣಗಾಗಿದೀಯಲೇ. ಸೊಸೆ ಹಾಕೂದಿಲ್ವಾ?"

"ಹಾಕ್ತಾಳೆ. ನಿಂದು ನೀನೇ ತಿಂದು ನಂದೂ ತಿಂತೀಯ, ಅದಕ್ಕೆ."

"ಹೌದ್ಹೌದು, ಎಲ್ಲಾ ನಂದೇ ತಪ್ಪು."

"ನೀನ್ಯಾಕೆ ಕಂಬ ಅಂದಿ?" ಎಂದು ಕೇಳಿದೆ. ಎರಡು ವಾರದಿಂದ ಎದೆಯಲ್ಲಿ ಇಟ್ಟುಕೊಂಡದ್ದು.

"ತುಳ್ಸು ಹೇಳಿಲ್ವಾ? ಆ ಹೆಣ್ಣಿಗೆ ಬೇಕಾದ್ದೊಂದು ನೆನಪಿರೂದಿಲ್ಲ. ಸೋಮಿ, ಅರವತ್ತು ವರ್ಷ ನಿನ್ನ ಮನೇಲಿ ಉಂಡಿದ್ದೇನೆ. ಒಂದಿನ ನೀ ಬಡ್ಸಿದ್ದಲ್ಲ. ನನ್ನ ಮನೇಲಿ ನಾನಿದ್ದಾಗ ನೀ ಬರ್ಬೇಕು. ಬಾ ಕೂತ್ಕ ಅಂತ ನಾ ಹೇಳ್ಬೇಕು. ಕಂಬ ಇಳಿಸಿದ್ರೆ ಅದಾಗ್ತದೆ. ಆಸ್ಪತ್ರೆ ಸೇತುವೆ ಎಲ್ಲ ಉಳಿದವ್ರಿಗೆ ಇರ್ಲಿ. ನಂಗೆ ಇಷ್ಟೇ."

ಮೊದಲೇ ಗೊತ್ತಿದ್ದರೆ ನಾನು ಕುರ್ಚಿ ಹತ್ತುತ್ತಿದ್ದೆನೋ ಇಲ್ಲವೋ. ಹಮ್ಮಣ್ಣ ಬೇರೆ ಕಡೆ ನೋಡುತ್ತಿದ್ದ. ಸಾಹೇಬರು ಕೆಮ್ಮಿ, "ಅಮ್ಮ, ಇವರಿಗೆ ಕಣ್ಣು ಕಾಣುವುದಿಲ್ಲವಲ್ಲ. ಚೀಟಿಗೆ ಮುದ್ರೆ ಒತ್ತಲು ನಂಬಿಕೆಯವರೊಬ್ಬರ ಸಹಾಯ ಪಡೆಯಬಹುದು. ಸೊಸೆಯನ್ನು ಕರೆಯಲೇ?" ಎಂದು ಕೇಳಿದರು.

"ಬೇಡ. ಇವಳೇ ಒತ್ತಲಿ" ಅಂದಳು ಬೀರಮ್ಮ, ನನ್ನ ಮೊಣಕೈ ಹಿಡಿದು.

"ಆದರೆ ಇವರು ನಿಮ್ಮ ವಿರುದ್ಧದ ಕಡೆಯವರು ಅಂತ ಊರೆಲ್ಲ..."

"ಅದಕ್ಕೇ. ನನ್ನ ಕಡೆಯವ್ರಾದ್ರೆ ಅವರಿಗೆ ಬೇಕು ಅಂತ ಒತ್ತುತ್ತಾರೆ. ಇವಳು ಒತ್ತಿದ್ರೆ ನಾ ಹೇಳ್ದೆ ಅಂತ್ಲೇ ಒತ್ತೂದು."

ಸಾಹೇಬರು ತಮ್ಮ ಕಾಗದ ತಿರುವಿ ನೋಡಿದರು. ಅದರಲ್ಲಿ ಇದಕ್ಕೆ ವಿರುದ್ಧವಾಗಿ ಏನೂ ಬರೆದಿರಲಿಲ್ಲ.

ದೋಣಿಯ ಕೆಳಗೆ ಬಗ್ಗಿ ಹೋದೆ. ಡಾಂಬರು ಮತ್ತು ಹಳೆ ಮೀನಿನ ವಾಸನೆ. ಕೈಯಲ್ಲಿ ಎರಡು ಚೀಟಿ, ಒಂದು ಅವಳದು, ಒಂದು ನನ್ನದು. ಅವಳದ್ದನ್ನು ಮೊದಲು ಕಲ್ಲಿನ ಮೇಲೆ ಹರಡಿದೆ. ಕಂಬದ ಚಿತ್ರ, ದೋಣಿಯ ಚಿತ್ರ, ನಡುವೆ ಒಂದು ಗೆರೆ. ನಾನು ಎಲ್ಲಿ ಒತ್ತಿದೆ ಎಂದು ಅವಳಿಗೆ ತಿಳಿಯುವ ದಾರಿ ಇರಲಿಲ್ಲ. ಯಾರಿಗೂ ಇರಲಿಲ್ಲ. ಮುದ್ರೆ ಹಿಡಿದ ಕೈ ದೋಣಿಯ ಮೇಲೆ ಒಂದು ಗಳಿಗೆ ನಿಂತಿತ್ತು, ಸುಳ್ಳು ಹೇಳುವುದಿಲ್ಲ. ಆಗ ಹೊರಗಿನಿಂದ ಅವಳ ಸ್ವರ ಕೇಳಿತು, ಎಮ್ಮೆಕರುವಿನ ಹತ್ತಿರ ಮಾತಾಡುತ್ತಿದ್ದಳು: "ನಿಂಗೊಂದು ಬಾಳು ಮಾರಾಯ, ಎದುರು ಸಿಕ್ಕಿದ್ದು ಸಾಹೇಬ್ರು." ನನಗೆ ನಗು ಬಂತು. ನಗುತ್ತಲೇ ಅವಳ ಚೀಟಿಯಲ್ಲಿ ಕಂಬದ ಮೇಲೆ ಗಟ್ಟಿಯಾಗಿ ಒತ್ತಿದೆ. ಆಮೇಲೆ ನನ್ನದು. ಅದಕ್ಕೆ ಬಹಳ ಹೊತ್ತು ಬೇಕಾಯಿತು. ಅವಳ ಮಾತು ಕಿವಿಯಲ್ಲಿತ್ತು. ಆದರೆ ಕೇಳಿದ್ದು ನನ್ನನ್ನು. ದೋಣಿಗೆ ಒತ್ತಿದೆ.

ಹೊರಗೆ ಬಂದಾಗ ಅವಳು, "ಎರಡೂ ಆಯ್ತಾ?" ಅಂದಳು.

"ಆಯ್ತು. ನಿಂದು ನಿಂದೇ, ನಂದು ನಂದೇ."

"ಮತ್ತೆಂತ ನಾನು ಕೇಳಿದ್ದು?" ಎಂದು ನನ್ನ ಬೆನ್ನಿಗೊಂದು ಗುದ್ದಿದಳು. ಕುರ್ಚಿಗಳು ಎದ್ದವು, ಬೆನ್ನಿಗೆ ಬೆನ್ನು ತಿರುಗಿಸಿ ನಾವು ಇಳಿದೆವು.

ಇನ್ನೂರ ಹನ್ನೆರಡು ಚೀಟಿ. ದೋಣಿಗೆ ನೂರಹತ್ತು, ಕಂಬಕ್ಕೆ ನೂರೆರಡು. ಸಾಹೇಬರು ನಡುಗಲ್ಲಿನ ಮೇಲೆ ನಿಂತು ಓದಿದರು. ಗೆದ್ದವರು ಕೂಗಲಿಲ್ಲ. ಕೂಗುವುದು ಹೇಗೆ? ಪ್ರತಿಯೊಬ್ಬರ ಮನೆಯಲ್ಲೂ ಸೋತವರು ಇದ್ದರು. ಮಂಕಾಳಿ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಬೆಕ್ಕಿಗೆ ಹೇಳುತ್ತಿದ್ದಳು: "ಊಟಕ್ಕೆ ಬರೂಕೆ ಹೇಳು." ಬೆಕ್ಕು ನನ್ನ ಮುಖ ನೋಡುತ್ತಿತ್ತು. ಐದನೆಯ ದಿನ ಹಮ್ಮಣ್ಣ ಮತ್ತು ಅವನ ಎದುರು ನಮ್ಮ ಜಗಲಿಗೆ ಸುದ್ದಿ ಕಳಿಸಿದರು: ಬಸುರಿಯರಿಗಾಗಿ ಒಂದು ಯಂತ್ರದ ದೋಣಿಯನ್ನು ಹಗಲಿರುಳು ಕಟ್ಟೆಯಲ್ಲಿ ಸಿದ್ಧ ಇಡುತ್ತಾರಂತೆ, ದೋಣಿಗೆ ಒತ್ತಿದ ಮನೆಯವರು ಸರದಿಯಂತೆ ಅದರ ಕಾವಲಿಗೆ ಇರಬೇಕಂತೆ. ಆ ದಿನ ಮಂಕಾಳಿ ನೇರವಾಗಿ ನನಗೇ ಕೇಳಿದಳು, "ನಮ್ಮ ಮನೆ ಸರದಿ ಯಾವತ್ತು ಅತ್ತೆ?"

ಬೀರಮ್ಮನಿಂದ ಬಂದದ್ದು ಒಂದೇ ಮಾತು. "ನಿನ್ನ ದೋಣಿ ಗೆದ್ದಿತಲೇ. ಇನ್ನು ನಡ್ಸಿ ತೋರ್ಸು." ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಸಾಹೇಬರು ಹೋದರು. ಕರುವಿಗೆ ಬಿಡುಗಡೆ ಆಯಿತು. ಕಟ್ಟೆಯ ಮೇಲಿದ್ದ ಅಧೀನ ಪ್ರದೇಶದ ಬೋರ್ಡು ಕಳಚಿ ಕೋಳಿಗೂಡಿಗೆ ಬಾಗಿಲು ಮಾಡಿದರು. ಒಂದು ತಿಂಗಳಿಗೆ ನಮ್ಮ ಮೊದಲ ಸಭೆ ನಡುಗಲ್ಲಿನ ಸುತ್ತ ಕೂಡಿತು. ಮೂಡಣದವರು ಕಲ್ಲಿನ ಈಚೆ, ಪಡುವಣದವರು ಆಚೆ. ಬೀರಮ್ಮನ ಕುರ್ಚಿಯನ್ನು ಆಚೆ ಇಳಿಜಾರಿನಲ್ಲಿ, ಮಾತು ಕೇಳಿಸದಷ್ಟು ಕೆಳಗೆ ಇಳಿಸಿದ್ದರು, ಅದಕ್ಕೆ ಸರಿಯಾಗಿ ನಾನೂ ಈಚೆ ಎಲ್ಲರ ಹಿಂದೆ ಕೂತಿದ್ದೆ. ಮಾಸ್ತರರ ಮಾತು, ಲಾಂಚಿನ ಮಾತು, ಬಲೆಯ ಮಾತು ಎಲ್ಲ ಮುಗಿದು, ಇನ್ನು ಯಾರದಾದರೂ ಇದೆಯಾ ಎಂದು ಹಮ್ಮಣ್ಣ ಕೇಳಿದ. ಸಭೆಯಲ್ಲಿ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಎದ್ದು ನಿಂತೆ.

"ನಂಗೆ ಬೀರಮ್ಮನ ಮನೆಗೆ ಹೋಗ್ಬೇಕು. ಅವಳು ಅಲ್ಲಿರುವಾಗ್ಲೇ."

"ಎದುರು ಬಿಟ್ಟು ಆಚೆ ಹೋಗೂದು ಹಿರಿಯರ ಕಟ್ಟಳೆಗೆ ಸಲ್ಲೂದಿಲ್ಲ ಸೋಮಕ್ಕ" ಅಂದ ಹಮ್ಮಣ್ಣ, ಮೆಲ್ಲಗೆ. "ಅದನ್ನ ಉಳಿಸ್ಕಳೂಕೇ ಅಲ್ದಾ ನೀ ದೋಣಿಗೆ ಒತ್ತಿದ್ದು?"

"ಅಲ್ಲ. ಅದನ್ನ ಉಳಿಸ್ಬೇಕಾ ಬಿಡ್ಬೇಕಾ ಅಂತ ನಾವೇ ಮಾತಾಡ್ಬೇಕು ಅಂತ ಒತ್ತಿದ್ದು. ದೊಡ್ಡ ದಡದವ್ರು ಕಂಬ ಇಳಿಸಿ ಕೊಡೂದನ್ನ ನಾವು ಕ್ಷಣಹೊತ್ತು ಬಗ್ಗಿ ಕೊಡೂಕೆ ಆಗೂದಿಲ್ಲ ಅಂದ್ರೆ ನಾವು ಗೆದ್ದದ್ದು ಎಂತದು?"

ನನ್ನ ಜನ್ಮದಲ್ಲಿ ನಾನು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಬೀರಮ್ಮನ ಜಾಗದಲ್ಲಿ ಮರಳಿನ ಮೂಟೆಯನ್ನು ತೂಕಕ್ಕೆ ಈಚೆ ಇಟ್ಟರಾಗದೇ ಎಂದು ಯಾರೋ ಅಂದರು. ತುಳ್ಸು ಆಚೆಯಿಂದ ಕೂಗಿದಳು, "ಅತ್ತೆ ಹೇಳಿ ಕಳ್ಸಿದಾರೆ, ಜೀವ ಇದ್ದಾಗ ಮೂಟೆ ಗೀಟೆ ಬೇಡ, ವಾಲಿದ್ರೆ ವಾಲ್ಲಿ ಅಂತ." ಎಂದರೆ ನಾನು ಏಳುತ್ತೇನೆಂದು ಅವಳಿಗೆ ನನಗಿಂತ ಮುಂಚೆ ಗೊತ್ತಿತ್ತು.

ಆಗ ಉಪ್ಪಿನ ಜಟ್ಟಿ ಎದ್ದ. ಪಡುವಣದ ಕೆಳಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮನೆ ಅವನದು, ಮುಖ ಯಾವಾಗಲೂ ಹುಳಿ ತಿಂದ ಹಾಗೆ. ವಾಲಿದರೆ ಮೊದಲು ನೀರು ಮುಟ್ಟುವುದು ಅವನ ಹೊಸ್ತಿಲಿಗೆ. ಅವನು ಬೇಡ ಅಂದರೆ ಬೇಡ, ಅದು ನ್ಯಾಯ. ಎಲ್ಲರೂ ಅವನ ಬಾಯಿ ನೋಡಿದರು.

"ಎಷ್ಟು ಹೊತ್ತು?" ಅಂದ.

"ಉಂಡು ಏಳೂವಷ್ಟು ಹೊತ್ತು."

"ಎಂತ ಉಂಬೂದು?"

"ಅವಳು ಮಾಡಿದ್ದು."

"ಏಡಿಯಾ?"

"ಏಡಿ ಸಿಕ್ರೆ ಏಡಿ."

ಜಟ್ಟಿ ಗಡ್ಡ ಕೆರೆದುಕೊಂಡ. "ಹಂಗಾದ್ರೆ ನಂಗೂ ಒಂದು ಬಟ್ಲು ಕಳ್ಸಿ. ಹೊಸ್ತಿಲು ಒದ್ದೆಯಾದ್ರೆ ಒರ್ಸೂಕೆ ಒಂದು ಹೆಂಗ್ಸನ್ನೂ ಕಳ್ಸಿ, ನನ್ನ ಸೊಂಟ ಬಗ್ಗೂದಿಲ್ಲ." ಸಭೆ ಗೊಳ್ಳೆಂದು ನಕ್ಕಿತು. ತಾನು ಒರೆಸುವುದಾಗಿ ಮಂಕಾಳಿ ಕೂಗಿ ಹೇಳಿದಳು, ಆಮೇಲೆ ತಾನೂ ಈಚೆಯವಳೇ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಒರೆಸುವ ಕೆಲಸ ತುಳ್ಸುವಿಗೆ ಹೋಯಿತು.

ಮುಂದಿನ ಗುರುವಾರ ಮಧ್ಯಾಹ್ನ ನಾನು ಹೊರಟೆ. ದಿಬ್ಬ ಹತ್ತಿದೆ, ಎದುರಿನಿಂದ ಯಾರೂ ಬರುತ್ತಿರಲಿಲ್ಲ. ನಡುಗಲ್ಲಿನ ಹತ್ತಿರ ಅಭ್ಯಾಸಬಲದಿಂದ ನಿಂತುಬಿಟ್ಟೆ. ಆಮೇಲೆ ದಾಟಿದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ನೆಲ ನನ್ನ ಮುಂದೆ ಕೂದಲಿನಷ್ಟು ತಗ್ಗುತ್ತಿತ್ತು. ನನ್ನಿಂದಾಗಿ ತಗ್ಗುತ್ತಿತ್ತು. ಕೆಳಸಾಲಿನಲ್ಲಿ ಜಟ್ಟಿ ಜಗಲಿಯ ಮೇಲೆ ಕಾಲು ಮೇಲೆತ್ತಿ ಕೂತು, ಹೊಸ್ತಿಲನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದ. "ಹೋಗು ಹೋಗು, ಪಾದದವರೆಗೆ ಬಂತು ಅಷ್ಟೇ" ಅಂದ.

ಬೀರಮ್ಮ ಬಾಗಿಲಲ್ಲಿ ಕೂತಿದ್ದಳು. ಹೆಜ್ಜೆಯ ಸದ್ದಿಗೆ ಮುಖ ಎತ್ತಿ, ನಾನು ಬಾಯಿ ತೆರೆಯುವ ಮುಂಚೆ ಗಟ್ಟಿಯಾಗಿ, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಅಂದಳು, "ಬಾ. ಕೂತ್ಕ."

ಕೂತೆ. ಅವಳು ಗೋಡೆ ಹಿಡಿದು ಎದ್ದು, ತಡವುತ್ತ ಬಡಿಸಿದಳು. ಅನ್ನ ಬಟ್ಟಲಿನ ಹೊರಗೂ ಬಿತ್ತು. ಉಪ್ಪಿನ ಮರಿಗೆಗೆ ಅವಳು ಕೈ ಹಾಕುವುದು ತಡವಾಯಿತೆಂದು ನಾನೇ ಏಳಹೋದರೆ ಗದರಿದಳು. "ಕೂತ್ಕ ಅಂದೆ. ಇದು ನನ್ನ ಮನೆ." ಸಾರು ಖಾರವಾಗಿತ್ತು, ಯಾವಾಗಿನ ಹಾಗೆ. ಕೊನೆಗೆ ತನ್ನ ಬಟ್ಟಲು ಇಟ್ಟುಕೊಂಡು ನನ್ನ ಎದುರು ಉಸ್ಸೆಂದು ಕೂತಳು. ಇಬ್ಬರೂ ಉಣ್ಣತೊಡಗಿದೆವು. ಎಷ್ಟೋ ಮಾತು ಇಟ್ಟುಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ.

ಎರಡನೆಯ ತುತ್ತಿಗೆ ಅವಳು ಗುನುಗಲು ಸುರುಮಾಡಿದಳು. ರಾಗ ಇಲ್ಲ, ಪದ ಇಲ್ಲ. ಏಡಿಯ ಕಾಲು ಮುರಿಯುವಾಗ ನಿಲ್ಲಿಸಿ, ಚೀಪುವಾಗ ಮತ್ತೆ ಸುರು. ತಾನು ಗುನುಗುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಅರವತ್ತು ವರ್ಷ ನಾನು ಆ ಮನೆಯಲ್ಲಿ ಉಂಡಿದ್ದೇನೆ. ಬೀರಮ್ಮ ಉಣ್ಣುವಾಗ ಹಾಡುತ್ತಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ.